ಸದನದ ಎರಡು ಬದಿ, ಅಣ್ಣನ ಒಂದು ಕಣ್ಣು

ವಿಧಾನಸಭೆಯಲ್ಲಿ ಸಭಾಧ್ಯಕ್ಷರ ಪೀಠದ ಕೆಳಗೆ ಒಂದು ಮೇಜಿದೆ. ನನ್ನ ನೌಕರಿಯೆಲ್ಲ ಆ ಮೇಜಿನ ಒಂದು ತುದಿಯಲ್ಲಿ ಕಳೆಯಿತು. ನಾನು ಸದನದ ವರದಿಗಾರ್ತಿ. ಪತ್ರಿಕೆಯವಳಲ್ಲ. ಒಳಗೆ ಯಾರು ಏನು ಮಾತಾಡಿದರೂ ಶೀಘ್ರಲಿಪಿಯಲ್ಲಿ ಬರೆದುಕೊಂಡು, ಹೊರಗಿನ ಕೋಣೆಗೆ ಹೋಗಿ ಟೈಪು ಮಾಡಿ ಕೊಡುವ ಸರ್ಕಾರಿ ನೌಕರಳು. ನಮ್ಮ ಪಾಳಿ ಕೆಲವೇ ನಿಮಿಷದ್ದು. ಮುಂದಿನವರು ಬಂದು ಪಕ್ಕದಲ್ಲಿ ನಿಂತರೆ ನಾವು ಎದ್ದು ಹೋಗುತ್ತೇವೆ. ಮಾತು ಮಾತ್ರ ನಿಲ್ಲುವುದಿಲ್ಲ.

ಆ ಮೇಜಿನಿಂದ ನೋಡಿದರೆ ಪೀಠದ ಬಲಗಡೆ ಆಡಳಿತ ಪಕ್ಷ, ಎಡಗಡೆ ವಿರೋಧ ಪಕ್ಷ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದು ಗೋಡೆಗಳ ಹಾಗೆ ಕದಲದ ವ್ಯವಸ್ಥೆ ಅಂದುಕೊಂಡಿದ್ದೆ. ಆಗ ಒಂದೇ ಪಕ್ಷಕ್ಕೆ ಪೂರ್ತಿ ಬಹುಮತವಿತ್ತು, ಸರ್ಕಾರ ನೆಮ್ಮದಿಯಾಗಿ ನಡೆಯುತ್ತಿತ್ತು. ಅದರ ಮುಂದಿನ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಎರಡು ಪಕ್ಷ ಸೇರಿ ಸರ್ಕಾರ ಮಾಡಿದವು, ಅದು ಮುರಿಯಿತು. ಮುರಿದ ತುಂಡೊಂದು ಎದುರು ಬದಿಯವರ ಜೊತೆ ಕೂಡಿಕೊಂಡಿತು, ಅದೂ ಮುರಿಯಿತು. ಆಮೇಲೆ ಸ್ವಲ್ಪ ಕಾಲ ರಾಷ್ಟ್ರಪತಿ ಆಳ್ವಿಕೆ. ಸದನದ ಬಾಗಿಲು ಮುಚ್ಚಿತ್ತು. ನಾವು ವರದಿಗಾರರು ಮೇಲಿನ ಕೋಣೆಯಲ್ಲಿ ಕೂತು ಹಳೆಯ ಅಧಿವೇಶನಗಳ ಕರಡು ತಿದ್ದುತ್ತಿದ್ದೆವು. ಅಷ್ಟು ದೊಡ್ಡ ಕಟ್ಟಡದಲ್ಲಿ ಪಾರಿವಾಳದ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ.

ಹೊಸ ಸರ್ಕಾರ ಬಂದ ಮೊದಲ ದಿನ ಕೆಲವು ಹಳೆಯ ಸದಸ್ಯರು ಅಭ್ಯಾಸಬಲದಿಂದ ತಮ್ಮ ಹಿಂದಿನ ಕಡೆಗೇ ನಡೆದುಬಿಡುತ್ತಿದ್ದರು. ಮಾರ್ಷಲ್ ಕೈಮಾಡಿ ದಾರಿ ತೋರಿಸಿದಾಗ ನಕ್ಕು ಆಚೆ ದಾಟುತ್ತಿದ್ದರು. ಅವರ ಹಿಂದೆ ಮಾತೂ ದಾಟುತ್ತಿತ್ತು. ಎಡಗಡೆಯಿಂದ ಒಬ್ಬರು ಎದ್ದು, ಕೆರೆಗೆ ಚರಂಡಿ ನೀರು ಬಿಡುತ್ತಿದ್ದಾರೆ, ನೊರೆ ರಸ್ತೆಗೆ ಬರುತ್ತಿದೆ, ಸರ್ಕಾರ ಸತ್ತಿದೆಯೇ ಎಂದು ಕೇಳುತ್ತಿದ್ದರು. ಬಲಗಡೆಯ ಮಂತ್ರಿ, ಪರಿಶೀಲನೆಯಲ್ಲಿದೆ ಎನ್ನುತ್ತಿದ್ದರು. ಎರಡು ವರ್ಷ ಕಳೆದರೆ ಕೇಳಿದವರು ಮಂತ್ರಿ, ಮಂತ್ರಿಯಾಗಿದ್ದವರು ಕೇಳುವವರು. ನೊರೆ ಅದೇ. ನನ್ನ ಪೆನ್ಸಿಲ್ಲು ಮಾತ್ರ ಮೊದಲಿಗಿಂತ ಬೇಗ ಓಡುತ್ತಿತ್ತು, ಯಾಕೆಂದರೆ ವಾಕ್ಯ ಹೇಗೆ ಮುಗಿಯುತ್ತದೆ ಎಂದು ಮೊದಲೇ ಗೊತ್ತಿರುತ್ತಿತ್ತು.

ಇದನ್ನೆಲ್ಲ ನಾನು ಬಹಳ ಕಾಲ ಒಂದು ಥರದ ಆಟದ ಹಾಗೆ ನೋಡಿದೆ. ಸರ್ಕಾರ ಬೀಳುವುದು, ಏಳುವುದು ಆ ಗುಮ್ಮಟದ ಕೆಳಗೆ ನಡೆಯುವ ಸಂಗತಿ, ಸಂಜೆ ಬಸ್ಸು ಹತ್ತಿ ಮತ್ತಿಕೆರೆಯಲ್ಲಿ ಇಳಿದರೆ ಅದು ಅಲ್ಲೇ ಉಳಿದುಬಿಡುತ್ತದೆ ಎಂದು. ಹಾಗಲ್ಲ ಎಂದು ತಿಳಿದದ್ದು ಅಣ್ಣನಿಂದ.

ನನ್ನ ತವರು ನಗರದ ಉತ್ತರದ ಅಂಚಿನಲ್ಲಿರುವ ಒಂದು ಹಳ್ಳಿ. ಹಳ್ಳಿ ಅನ್ನುವುದು ನಮ್ಮ ಬಾಯಿಗೆ ಬಂದ ಅಭ್ಯಾಸ, ಈಗ ಅದು ನಾಲ್ಕು ಬಡಾವಣೆಗಳ ನಡುವಿನ ಒಂದು ಹಳೇ ಬೀದಿ. ಯಾವ ಊರು, ಯಾವ ಕ್ಷೇತ್ರ ಎಂದು ಬರೆಯುವುದಿಲ್ಲ. ನಮ್ಮದು ರಾಗಿ, ಹುರುಳಿ ಬೆಳೆಯುತ್ತಿದ್ದ ಮನೆತನ. ಹೊಲಗಳು ಸೈಟಾದ ಮೇಲೆ ಅಣ್ಣ ಸೆಂಟ್ರಿಂಗ್ ಸಾಮಾನು ಬಾಡಿಗೆಗೆ ಕೊಡುವ ಅಂಗಡಿ ಇಟ್ಟ. ಮೋಲ್ಡು ಹಾಕುವಾಗ ಕೆಳಗೆ ಹೊಡೆಯುವ ಕಬ್ಬಿಣದ ತಗಡು, ಅದಕ್ಕೆ ಕೊಡುವ ಊರುಗೋಲು, ಇಂಥವು. ಸುತ್ತಮುತ್ತ ಮನೆ ಏಳುತ್ತಲೇ ಇದ್ದದ್ದರಿಂದ ಅಂಗಡಿ ಚೆನ್ನಾಗಿ ನಡೆಯುತ್ತಿತ್ತು.

ಅಣ್ಣ ರಾಜಕೀಯಕ್ಕೆ ಬಿದ್ದದ್ದು ಅಪ್ಪನ ಕೊನೆಗಾಲದಲ್ಲಿ. ರಸ್ತೆ ಅಗಲ ಮಾಡುತ್ತೇವೆಂದು ಒಂದು ಬೆಳಗ್ಗೆ ಜೆಸಿಬಿ ಬಂತು. ನಮ್ಮ ಮನೆಯ ಮುಂದಿನ ಕೋಣೆಗೆ ಗುರುತು ಹಾಕಿದ್ದರು. ಅಪ್ಪ ಮಲಗಿದ್ದದ್ದು ಅದೇ ಕೋಣೆಯಲ್ಲಿ, ಪಾರ್ಶ್ವವಾಯು ಹೊಡೆದು ಅಲ್ಲಾಡಲಾಗದ ಸ್ಥಿತಿ. ಅಣ್ಣ ಕೈಮುಗಿದು ಕೇಳಿದ, ಅಧಿಕಾರಿ ಗಡಿಯಾರ ನೋಡಿಕೊಂಡರು. ಆಗ ನಮ್ಮ ಕಡೆಯ ಒಬ್ಬ ಕಂಟ್ರಾಕ್ಟರು ಬುಲೆಟ್ಟಿನಲ್ಲಿ ಬಂದು ಜೆಸಿಬಿಯ ಮುಂದೆ ನಿಂತರು. ಇನ್ನೂ ಯಾವ ಪದವಿಯೂ ಇಲ್ಲದ ಮನುಷ್ಯ.

"ಒಳಗಡೆ ಮುದುಕ್ರು ಮಲಗವ್ರೆ. ಅವರ ಮೇಲೆ ಅತ್ತಿಸೋದಾದ್ರೆ ಮೊದ್ಲು ನನ್ ಮೇಲೆ ಅತ್ತಿಸಪ್ಪ" ಅಂದರು.

ಜೆಸಿಬಿ ಹಿಂದಕ್ಕೆ ಹೋಯಿತು. ರಸ್ತೆ ಆಮೇಲೆ ಆಗಿಯೇ ಆಯಿತು, ಕೋಣೆಯೂ ಹೋಯಿತು. ಆದರೆ ಅಷ್ಟರಲ್ಲಿ ಅಪ್ಪ ತಾವು ಮಲಗಿದ್ದ ಜಾಗದಲ್ಲೇ ಪ್ರಾಣ ಬಿಟ್ಟಿದ್ದರು. ಅಣ್ಣನಿಗೆ ಅಷ್ಟು ಸಾಕಾಯಿತು. ಆ ಮನುಷ್ಯ ಚುನಾವಣೆಗೆ ನಿಂತಾಗಲೆಲ್ಲ ಅಣ್ಣ ಅಂಗಡಿಯ ಬಾಗಿಲು ಎಳೆದು ಅವರ ಹಿಂದೆ ಓಡಾಡಿದ. ಒಮ್ಮೆ ಸೋತರು, ಆಗಲೂ ಬಿಡಲಿಲ್ಲ. ಮಳೆಗಾಲದಲ್ಲಿ ಊರೊಳಗೆ ನೀರು ನುಗ್ಗಿದರೆ ಅವರಿಗೇ ಫೋನು, ಅಜ್ಜಿಗಳ ಪಿಂಚಣಿ ನಿಂತರೆ ಅವರಿಗೇ ಫೋನು. ಅವರು ಬರುತ್ತಲೂ ಇದ್ದರು. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಅಣ್ಣನ ಎದುರು ಪಕ್ಷದಲ್ಲಿ ಇದ್ದವನು ನಮ್ಮ ಚಿಕ್ಕಪ್ಪನ ಮಗ. ಒಂದೇ ಗೋಡೆಯ ಆಚೆ ಈಚೆ ಮನೆ. ಚಿಕ್ಕಂದಿನಲ್ಲಿ ಅವನ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ಊರ ಕೆರೆಯಲ್ಲಿ ಈಜು ಕಲಿಸಿದವನು ಅಣ್ಣನೇ. ಜಮೀನು ಪಾಲಾಗುವಾಗ ಚಿಕ್ಕಪ್ಪ ಬಿಲ್ಡರ್‌ಗೆ ಕೊಡೋಣ ಅಂದರು, ಅಪ್ಪ ಬೇಡ ಅಂದರು. ಅಲ್ಲಿಂದ ಎರಡು ಮನೆಗೂ ಮಾತು ಹಳಸಿತು. ಅಣ್ಣ ಈ ಬಾವುಟ ಹಿಡಿದ, ಅದಕ್ಕೇ ಅವನು ಆ ಬಾವುಟ ಹಿಡಿದ. ಸಿದ್ಧಾಂತದ ಮಾತು ಇಬ್ಬರ ಬಾಯಲ್ಲೂ ನಾನು ಕೇಳಿದ್ದಿಲ್ಲ.

ನಾನು ಊರಿಗೆ ಹೋದಾಗ ಇಬ್ಬರೂ ಬೇರೆಬೇರೆಯಾಗಿ ಬಂದು ಕೇಳುತ್ತಿದ್ದರು. "ಅಮ್ಮಣ್ಣಿ, ಒಳ್ಗಡೆ ಏನ್ ನಡೀತೈತೆ ಯೋಳು" ಎಂದು ಅಣ್ಣ. "ಅಕ್ಕಾ, ಗೌರ್ಮೆಂಟು ಬೀಳ್ತದಂತೆ, ದಿಟವಾ?" ಎಂದು ಅವನು. ನಮ್ಮ ಕೆಲಸದಲ್ಲಿ ಬಾಯಿ ಬಿಡುವ ಹಾಗಿಲ್ಲ. ಟೀವಿ ನೋಡ್ರಪ್ಪ, ನನಗಿಂತ ಅವರಿಗೇ ಜಾಸ್ತಿ ಗೊತ್ತು ಅನ್ನುತ್ತಿದ್ದೆ.

ಅವರು ಸೋತ ಮೇಲೆ ಮತ್ತೆ ನಿಂತ ಚುನಾವಣೆಯ ದಿನ ನಾನು ಮತ್ತಿಕೆರೆಯ ಶಾಲೆಯೊಂದರಲ್ಲಿ ಮತ ಹಾಕಿ ಮನೆಗೆ ಬರುತ್ತಿದ್ದೆ. ಅತ್ತಿಗೆಯ ಫೋನು ಬಂತು. ಅವಳು ಅಳುತ್ತಿರಲಿಲ್ಲ. "ನಿಮ್ಮಣ್ಣುಂಗೆ ಕಲ್ಲು ಬಿದ್ದೈತೆ. ಎಬ್ಬಾಳದ್ ಆಸ್ಪತ್ರೆಗೆ ತಗೊಂಡೋಯ್ತಾವ್ರೆ. ನೀನು ಸೀದಾ ಅಲ್ಲಿಗೇ ಬಾ" ಅಂದಳು.

ಆದದ್ದು ಇಷ್ಟು. ಊರಿನ ಒಬ್ಬ ಅಜ್ಜಿಗೆ ಕಾಲು ಆಗದು, ಯಾರಾದರೂ ಹಿಡಿದುಕೊಂಡು ಮತಗಟ್ಟೆಯ ಬಾಗಿಲವರೆಗೆ ಬಿಡಬೇಕು. ಅಣ್ಣನ ಕಡೆಯವರು ಒಂದು ಕೈ ಹಿಡಿದರು, ಚಿಕ್ಕಪ್ಪನ ಮಗನ ಕಡೆಯವರು ಇನ್ನೊಂದು ಕೈ. ನಮ್ಮ ಓಟು, ನಮ್ಮ ಓಟು ಎಂದು ಮಾತು ಬೆಳೆಯಿತು. ಅಜ್ಜಿ ನಡುವೆ ನಿಂತು ನನ್ನ ಬುಟ್ಟುಬುಡ್ರಪ್ಪೋ ಅನ್ನುತ್ತಿದ್ದಳಂತೆ. ರಸ್ತೆ ಕೆಲಸಕ್ಕೆ ತಂದ ಜಲ್ಲಿಯ ರಾಶಿ ಪಕ್ಕದಲ್ಲೇ ಇತ್ತು. ಮೊದಲು ಯಾರೋ ಎಸೆದರು, ಆಮೇಲೆ ಎಲ್ಲರೂ. ಅಣ್ಣನ ಎಡಗಣ್ಣಿಗೆ ಬಿದ್ದ ಕಲ್ಲನ್ನು ಎಸೆದವನು ಚಿಕ್ಕಪ್ಪನ ಮಗ. ಕೆಲವೇ ಮಾರು ದೂರದಿಂದ. ಅಣ್ಣ ಅವನನ್ನು ನೋಡಿದ, ಅವನು ಅಣ್ಣನನ್ನು ನೋಡಿದ. ಅತ್ತಿಗೆ ಎದುರಿನ ಕಟ್ಟೆಯ ಮೇಲಿಂದ ಇಬ್ಬರನ್ನೂ ನೋಡಿದಳು.

ಡಾಕ್ಟರು ಹೊರಗೆ ಬಂದು, ಕಣ್ಣು ಉಳಿಸಲು ಆಗಲಿಲ್ಲ, ಇನ್ನೊಂದು ಕಣ್ಣನ್ನು ಜೋಪಾನ ಮಾಡಬೇಕು ಅಂದರು. ಅತ್ತಿಗೆ ಗೋಡೆಗೆ ಒರಗಿ ನೆಲಕ್ಕೆ ಕೂತಳು.

ಎಣಿಕೆಯಲ್ಲಿ ಆ ಕಂಟ್ರಾಕ್ಟರು, ಅಂದರೆ ನಮ್ಮ ಸಾಹೇಬರು, ಗೆದ್ದರು. ಗೆದ್ದವರು ಕೊರಳಿನ ಹಾರವನ್ನೂ ತೆಗೆಯದೆ ನೇರ ಆಸ್ಪತ್ರೆಗೇ ಬಂದರು. ಅಣ್ಣನ ಮಂಚದ ಮೇಲೆ ಕೂತು ಅವನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಈ ಗೆಲುವು ನಿಂದು ಕಣೋ. ಇವತ್ತಿಂದ ನನ್ ಕಣ್ಣೇ ನಿನ್ ಕಣ್ಣು. ಅವರನ್ನ ಒಳಗೆ ಹಾಕಿಸ್ದೆ ಬಿಡಲ್ಲ" ಅಂದರು. ಅವರ ಕಣ್ಣಲ್ಲಿ ನೀರಿತ್ತು. ಅದು ನಾಟಕವೆಂದು ಆಗ ನನಗೆ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಆ ಗಳಿಗೆಗೆ ಅದು ನಿಜವೇ ಇದ್ದಿರಬೇಕು.

ಅಣ್ಣನ ಹೇಳಿಕೆಯ ಮೇಲೆ ಪೊಲೀಸರು ಚಿಕ್ಕಪ್ಪನ ಮಗನ ಮೇಲೆ ಕೇಸು ಹಾಕಿದರು. ಆ ಸಲವೂ ಯಾರಿಗೂ ಪೂರ್ತಿ ಬಹುಮತ ಬರಲಿಲ್ಲ. ಸಮ್ಮಿಶ್ರ ಸರ್ಕಾರ ಬಂತು, ಸಾಹೇಬರು ಬಲಗಡೆಯ ಹಿಂದಿನ ಸಾಲಿನಲ್ಲಿ ಕೂತರು. ರಾಜ್ಯಪಾಲರ ಭಾಷಣದ ಮೇಲಿನ ಚರ್ಚೆಯಲ್ಲಿ ಮೊದಲ ಸಲ ಮಾತಾಡಲು ಎದ್ದರು. ಆಗ ಮೇಜಿನಲ್ಲಿ ನನ್ನ ಪಾಳಿ. ರಸ್ತೆ, ನೀರು ಎಂದು ಶುರು ಮಾಡಿದವರು ಇದ್ದಕ್ಕಿದ್ದಂತೆ ದನಿ ಏರಿಸಿದರು. ಸನ್ಮಾನ್ಯ ಸಭಾಧ್ಯಕ್ಷರೇ, ನಾನು ಇಲ್ಲಿ ನಿಂತು ಮಾತಾಡಲಿಕ್ಕೆ ನನ್ನ ಒಬ್ಬ ಕಾರ್ಯಕರ್ತ ಒಂದು ಕಣ್ಣು ಕೊಟ್ಟಿದ್ದಾನೆ, ಅವನ ಹೆಸರು ಈ ಸದನಕ್ಕೆ ಗೊತ್ತಾಗಬೇಕು, ಎಂದು ಅಣ್ಣನ ಹೆಸರನ್ನು, ಅಪ್ಪನ ಹೆಸರು ಸಮೇತ ಹೇಳಿದರು.

ನಾನು ಬರೆದುಕೊಂಡೆ. ನಮ್ಮ ಕೈ ಮನಸ್ಸಿಗೆ ಕಾಯುವುದಿಲ್ಲ, ಹಾಗೆ ಪಳಗಿರುತ್ತದೆ. ಎಡಗಡೆಯಿಂದ ಕೂಗು ಎದ್ದಿತು. ಸುಳ್ಳು ಅಂದರು. ಕುಡಿದು ತಾನೇ ಬಿದ್ದವನನ್ನು ಹುತಾತ್ಮ ಮಾಡುತ್ತಿದ್ದೀರಿ ಅಂದರು. ಯಾರೋ ಒಬ್ಬರು, ಇನ್ನೊಂದು ಕಣ್ಣೂ ಇದೆಯಲ್ಲ ಬಿಡಿ, ಅಂದದ್ದೂ ಕೇಳಿಸಿತು. ಅದಕ್ಕೆ ಕೆಲವರು ನಕ್ಕರು. ನಗುವಿಗೆ ನಮ್ಮಲ್ಲಿ ಲಿಪಿ ಇಲ್ಲ. ಅಷ್ಟೂ ಸದ್ದಿಗೆ ನಾವು ಬರೆಯುವುದು ಒಂದೇ ಪದ, ಗೊಂದಲ.

ಸಭಾಧ್ಯಕ್ಷರು ಗಂಟೆ ಬಾರಿಸಿದರು. ವಿಷಯ ನ್ಯಾಯಾಲಯದಲ್ಲಿದೆ, ಇದು ಯಾವುದೂ ಕಡತಕ್ಕೆ ಹೋಗುವುದಿಲ್ಲ ಎಂದು ಹೇಳಿದರು. ನಾನು ಕೋಣೆಗೆ ಹೋಗಿ ಟೈಪು ಮಾಡುವಾಗ ಆ ಭಾಗ ಬಿಟ್ಟೆ. ನಿಯಮ ಸರಿಯಾಗಿಯೇ ಇತ್ತು. ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಮುಂದಿನ ಪಾಳಿಗೆ ಬಂದೆ. ಅವನು ನನ್ನ ಅಣ್ಣ ಎಂದು ಸಾಹೇಬರನ್ನು ಬಿಟ್ಟರೆ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆ ಭಾನುವಾರ ಊರಿಗೆ ಹೋದಾಗ ಅಣ್ಣ ಕಪ್ಪು ಕನ್ನಡಕ ಹಾಕಿಕೊಂಡು ಜಗುಲಿಯ ಮೇಲೆ ಕಾಯುತ್ತಿದ್ದ. ಸಾಹೇಬರು ಫೋನು ಮಾಡಿ ಹೇಳಿದ್ದರಂತೆ.

"ನನ್ ಎಸ್ರು ಯೋಳುದ್ರಂತೆ ಅಲ್ವಾ ಅಸೆಂಬ್ಲಿನಾಗೆ? ನೀನೇ ಬರ್ಕಂಡ್ಯಾ?"

"ನಾನೇ ಬರ್ಕೊಂಡೆ. ಆಮೇಲೆ ತೆಗೀರಿ ಅಂದ್ರು, ತೆಗೆದೆ. ಕೇಸು ಕೋರ್ಟಲ್ಲಿದೆಯಲ್ಲ, ಅದಕ್ಕೆ."

"ತೆಗುದ್ರೇನಾತು. ಯೋಳಿದ್ದು ಯೋಳಿದ್ದೇ ತಾನೆ" ಅಂದ. ಅವತ್ತು ಅವನು ಎರಡು ಮುದ್ದೆ ಉಂಡ. ಕಣ್ಣು ಹೋದ ಮೇಲೆ ಅಷ್ಟು ಊಟ ಮಾಡಿದ್ದನ್ನು ಅತ್ತಿಗೆ ನೋಡಿರಲಿಲ್ಲ.

ಸರ್ಕಾರ ಶುರುವಿನಿಂದಲೂ ಕುಂಟುತ್ತಿತ್ತು. ಒಂದು ಮುಂಗಾರಿನ ಹೊತ್ತಿಗೆ ಶಾಸಕರು ಒಬ್ಬೊಬ್ಬರಾಗಿ ರಾಜೀನಾಮೆ ಕೊಟ್ಟು ಕಾಣೆಯಾಗತೊಡಗಿದರು. ಟೀವಿಯಲ್ಲಿ ಅವರನ್ನು ಅತೃಪ್ತರು ಎಂದು ಕರೆದರು. ನಮ್ಮ ಸಾಹೇಬರ ಫೋನು ಸ್ವಿಚ್ ಆಫ್ ಆಯಿತು. ಊರವರು ಅಂಗಡಿಯ ಹತ್ತಿರ ಬಂದು ಕೇಳಿದರೆ ಅಣ್ಣ, "ದೇವುಸ್ಥಾನುಕ್ ಓಗವ್ರೆ. ಫೋನ್ ಇಟ್ಕಳಲ್ಲ ಅವ್ರು ಅಲ್ಲಿ" ಅನ್ನುತ್ತಿದ್ದ. ಮೂರನೆಯ ದಿನವೋ ನಾಲ್ಕನೆಯ ದಿನವೋ ಬೇರೆ ರಾಜ್ಯದ ಒಂದು ರೆಸಾರ್ಟನ್ನು ಟೀವಿಯಲ್ಲಿ ತೋರಿಸಿದರು. ಈಜುಕೊಳದ ಪಕ್ಕ ಚಡ್ಡಿ ಹಾಕಿಕೊಂಡು ತಿಂಡಿ ತಟ್ಟೆ ಹಿಡಿದು ನಿಂತವರಲ್ಲಿ ಸಾಹೇಬರೂ ಇದ್ದರು. ಅಂಗಡಿಯಲ್ಲಿ ಟೀವಿ ನೋಡುತ್ತಿದ್ದ ಒಬ್ಬ ಮೇಸ್ತ್ರಿ ಅಣ್ಣನ ಮುಖ ನೋಡಿ ತಾನೇ ಎದ್ದು ಟೀವಿ ಆರಿಸಿದನಂತೆ.

ಸದನದಲ್ಲಿ ವಿಶ್ವಾಸಮತದ ಚರ್ಚೆ ದಿನಗಟ್ಟಲೆ ಎಳೆಯಿತು. ಬಲಗಡೆಯ ಸಾಲುಗಳಲ್ಲಿ ಖಾಲಿ ಕುರ್ಚಿಗಳು. ಇರುವವರು ಇಲ್ಲದವರನ್ನು ಬೈದರು. ಪ್ರಜಾಪ್ರಭುತ್ವ ಎಂಬ ಪದವನ್ನು ಅಷ್ಟು ಸಲ ನಾನು ಇನ್ನಾವ ಅಧಿವೇಶನದಲ್ಲೂ ಬರೆದಿಲ್ಲ. ಕಡೆಗೆ ಒಂದು ಸಂಜೆ ಮತಕ್ಕೆ ಹಾಕಿದರು. ಬಾಗಿಲು ಮುಚ್ಚಿ, ಸಾಲುಸಾಲಾಗಿ ಸದಸ್ಯರನ್ನು ನಿಲ್ಲಿಸಿ ತಲೆ ಎಣಿಸುತ್ತಾರೆ. ಎಣಿಸುವಾಗ ಸದನದಲ್ಲಿ ಒಂದು ವಿಚಿತ್ರ ಮೌನ ಇರುತ್ತದೆ. ಸಾಹೇಬರ ಕುರ್ಚಿಯ ಸಾಲು ಬಂದಾಗ ನಾನು ತಲೆ ಎತ್ತಿ ನೋಡಿದೆ. ಖಾಲಿ ಕುರ್ಚಿಯನ್ನು ದಾಟಿಕೊಂಡು ಎಣಿಕೆ ಮುಂದೆ ಹೋಯಿತು. ಸರ್ಕಾರ ಬಿತ್ತು. ಎಡಗಡೆಯವರು ಎರಡು ಬೆರಳು ಎತ್ತಿ ತೋರಿಸುತ್ತ ಹೊರಗೆ ಹೋದರು. ಕೆಲವೇ ದಿನಕ್ಕೆ ಅವರು ಬಲಗಡೆ ಬಂದು ಕೂತರು.

ಉಪಚುನಾವಣೆ ಘೋಷಣೆಯಾಯಿತು. ಸಾಹೇಬರು ಆ ಪಕ್ಷದ ಅಭ್ಯರ್ಥಿಯಾಗಿ ನಿಂತರು. ಯಾವ ಪಕ್ಷದವರ ಕಲ್ಲಿಗೆ ಅಣ್ಣನ ಕಣ್ಣು ಹೋಯಿತೋ ಆ ಪಕ್ಷ. ಒಂದು ಬೆಳಗ್ಗೆ ಅವರು ಅಣ್ಣನ ಮನೆಗೆ ಬಂದರು. ರಜಾದಿನವಾದ್ದರಿಂದ ನಾನೂ ಅಲ್ಲಿದ್ದೆ. ಅವರ ಜೊತೆ ನಾಲ್ಕಾರು ಜನ. ಗೇಟಿನ ಹತ್ತಿರ, ಹೊಸ ಬಣ್ಣದ ಶಲ್ಯ ಹಾಕಿಕೊಂಡು ಚಿಕ್ಕಪ್ಪನ ಮಗ ನಿಂತಿದ್ದ. ಅವನಿಗೆ ಆ ಬಣ್ಣ ಹೊಸದಲ್ಲ. ಸಾಹೇಬರಿಗೆ ಹೊಸದು.

ಅಣ್ಣ ಎದ್ದು ಕುರ್ಚಿ ಕೊಟ್ಟ. ಸಾಹೇಬರು ಕೂತು, ಕ್ಷೇತ್ರದ ಅಭಿವೃದ್ಧಿ, ಹಿಂದಿನ ಸರ್ಕಾರ ಅನುದಾನ ಕೊಡದೆ ಸತಾಯಿಸಿದ್ದು ಎಂದೆಲ್ಲ ಸ್ವಲ್ಪ ಹೊತ್ತು ಹೇಳಿದರು. ಆಮೇಲೆ ವಿಷಯಕ್ಕೆ ಬಂದರು.

"ಆ ಕೇಸೊಂದು ಇದೆಯಲ್ಲಪ್ಪ. ಈಗ ಎಲ್ಲಾ ಒಂದೇ ಮನೆಯವ್ರು ಆಗಿದೀವಿ. ನಾಳೆ ಒಂದೇ ಸ್ಟೇಜ್ ಮೇಲೆ ಕೂರ್ಬೇಕು. ನೀನು ಸ್ವಲ್ಪ ದೊಡ್ಡ ಮನಸ್ಸು ಮಾಡ್ಬೇಕು."

ಅಣ್ಣ ಕೇಳಿದ, "ಏನಂತ ಯೋಳ್ಬೇಕು ಸಾ ನಾನು?"

"ನೂಕುನುಗ್ಗಲಿತ್ತು, ಯಾರು ಎಸೆದ್ರೋ ಕಾಣಿಸ್ಲಿಲ್ಲ ಅಂತ. ಅಷ್ಟೇ."

"ಕಾಣಿಸ್ತು ಸಾ."

"ಕಾಣಿಸಿರ್ಬೋದಪ್ಪ. ಈಗ ಅದ್ನೇ ಹಿಡ್ಕೊಂಡ್ರೆ ಆಗುತ್ತಾ? ಅವನೂ ನಿನ್ನ ದಾಯಾದಿನೇ ಅಲ್ವಾ. ಒಂದೇ ರಕ್ತ."

ಅತ್ತಿಗೆ ಕಾಫಿ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ತಟ್ಟೆಯನ್ನು ಕಿಟಕಿಯ ಮೇಲೆ ಇಟ್ಟಳು. "ಸಾ, ಆಸ್ಪತ್ರೆನಾಗೆ ನೀವು ಕುಂತ್ಕಂಡು ಒಂದ್ ಮಾತು ಅಂದ್ರಿ. ನಾನು ಅಲ್ಲೇ ಇದ್ದೆ. ಆ ಮಾತೂ ನಿಮ್ ಜತೆಗೆ ಆ ಪಕ್ಸಕ್ ಓಯ್ತಾ?" ಎಂದು ಕೇಳಿದಳು. ದನಿ ಏರಿಸಲಿಲ್ಲ. ಯಾವಾಗಲೂ ಮಾತಾಡುವ ಹಾಗೇ ಕೇಳಿದಳು.

ಸಾಹೇಬರು ನೆಲ ನೋಡಿದರು. "ನಿಮಗೆ ಅರ್ಥ ಆಗಲ್ಲಮ್ಮ, ರಾಜಕಾರಣ ಬೇರೆ" ಅಂದರು. ಎದ್ದರು. ಕಾಫಿ ಯಾರೂ ಮುಟ್ಟಲಿಲ್ಲ. ಗೇಟಿನ ಹತ್ತಿರ ಹೋದವರು ಚಿಕ್ಕಪ್ಪನ ಮಗನ ಹೆಗಲ ಮೇಲೆ ಕೈ ಹಾಕಿ ಏನೋ ಹೇಳಿದರು. ಅವನು ನಮ್ಮ ಕಡೆ ಒಂದು ಸಲ ನೋಡಿ ಕಾರು ಹತ್ತಿದ.

ಆಮೇಲೆ ಆದದ್ದು ನಿಧಾನವಾಗಿ ಆಯಿತು. ಸಾಹೇಬರು ಉಪಚುನಾವಣೆ ಗೆದ್ದರು. ಅಣ್ಣನ ಜೊತೆ ಬಾವುಟ ಹಿಡಿದು ಓಡಾಡಿದ್ದ ಹುಡುಗರೆಲ್ಲ ಅವರ ಹಿಂದೆಯೇ ಹೋಗಿದ್ದರು. ಹೋಗದೆ ಉಳಿದವನು ಅಣ್ಣ ಒಬ್ಬನೇ, ಹಳೇ ಪಕ್ಷದವರು ಅವನನ್ನು ಕರೆಯಲೂ ಬರಲಿಲ್ಲ. ನಮ್ಮ ಕಡೆ ಮನೆ ಕಟ್ಟಿಸುವ ಬಿಲ್ಡರ್‌ಗಳೆಲ್ಲ ಒಂದಲ್ಲ ಒಂದು ಕೆಲಸಕ್ಕೆ ಶಾಸಕರ ಬಾಗಿಲಿಗೆ ಹೋಗಬೇಕಾದವರು. ಅವರು ಅಣ್ಣನ ಅಂಗಡಿ ಬಿಟ್ಟು ಚಿಕ್ಕಬಾಣಾವರದ ಕಡೆಯಿಂದ ಸಾಮಾನು ತರಿಸಿಕೊಳ್ಳತೊಡಗಿದರು. ಯಾರೂ ಹೀಗೆ ಮಾಡಿ ಎಂದು ಹೇಳಿರಲಿಲ್ಲವಂತೆ. ಹೇಳುವ ಅಗತ್ಯವೂ ಇರಲಿಲ್ಲ. ತಗಡುಗಳು ಹಿತ್ತಲಲ್ಲಿ ತುಕ್ಕು ಹಿಡಿದವು.

ನಾನು ಒಮ್ಮೆ ಹೇಳಿದೆ, "ಅಣ್ಣ, ನಾನು ಸದನದಲ್ಲಿ ಇವರನ್ನ ದಿನಾ ನೋಡ್ತೀನಿ. ಬೆಳಗ್ಗೆ ಬೈದಾಡ್ತಾರೆ, ಮಧ್ಯಾಹ್ನ ಕ್ಯಾಂಟೀನಲ್ಲಿ ಒಂದೇ ತಟ್ಟೆಯಲ್ಲಿ ಬಜ್ಜಿ ತಿಂತಾರೆ. ನೀನ್ ಯಾಕೆ ಒಬ್ಬನೇ ಹಿಡ್ಕೊಂಡು ಕೂತಿದೀಯಾ?"

"ಅವ್ರು ತಿನ್ಲಿ. ಕಣ್ಣು ನಂದಲ್ವಾ" ಅಂದ. ಅವನ ಹತ್ತಿರ ಆ ಮಾತನ್ನು ನಾನು ಮತ್ತೆ ತೆಗೆಯಲಿಲ್ಲ.

ಕೊರೊನಾ ಬಂದು ಕೋರ್ಟು ಮುಚ್ಚಿತು, ಸದನವೂ ಗಾಜಿನ ಪರದೆಗಳ ನಡುವೆ ನಡೆಯಿತು. ಕೇಸು ವಿಚಾರಣೆಗೆ ಬಂದಾಗ ನಾನು ರಜೆ ಹಾಕಿ ಅಣ್ಣನ ಜೊತೆ ಹೋದೆ. ಸಾಕ್ಷಿಗಳು ಒಬ್ಬೊಬ್ಬರಾಗಿ ಬಂದರು. ಎಲ್ಲರೂ ಅಣ್ಣನ ಜೊತೆ ಅವತ್ತು ಮತಗಟ್ಟೆಯ ಹತ್ತಿರ ನಿಂತಿದ್ದವರು, ಅವನನ್ನು ಆಟೋಗೆ ಎತ್ತಿ ಹಾಕಿದವರು. ನಾನು ಸ್ಥಳದಲ್ಲಿ ಇರಲಿಲ್ಲ ಅಂದ ಒಬ್ಬ. ಇದ್ದೆ, ಬೆನ್ನು ತಿರುಗಿಸಿದ್ದೆ ಅಂದ ಇನ್ನೊಬ್ಬ. ಪೊಲೀಸರು ಏನು ಬರೆದುಕೊಂಡರೋ ಗೊತ್ತಿಲ್ಲ ಅಂದ ಮತ್ತೊಬ್ಬ. ಯಾರೂ ಅಣ್ಣನ ಮುಖ ನೋಡಲಿಲ್ಲ. ಅಣ್ಣ ಕಟಕಟೆ ಹತ್ತಿ, ಕನ್ನಡಕ ತೆಗೆದು, ಯಾರು ಎಸೆದದ್ದೆಂದು ಬೆರಳು ತೋರಿಸಿ ಹೇಳಿದ. ಅತ್ತಿಗೆಯೂ ಹೇಳಿದಳು. ಹೆಂಡತಿ ಗಂಡನ ಪರ ಹೇಳುವುದು ಸಹಜ, ಎರಡೂ ಮನೆಗೆ ಆಸ್ತಿಯ ಹಳೇ ದ್ವೇಷವಿದೆ ಎಂದು ಎದುರು ವಕೀಲರು ವಾದಿಸಿದರು. ಅನುಮಾನದ ಲಾಭ ಆರೋಪಿಗೆ ಸಿಕ್ಕಿತು. ಬಿಡುಗಡೆಯಾಯಿತು. ಸಂಜೆ ನಮ್ಮ ಮನೆಯ ಪಕ್ಕದಲ್ಲಿ ಪಟಾಕಿ ಹೊಡೆದರು. ಅಣ್ಣ ಒಳಗೆ ಗೋಡೆ ಕಡೆ ಮುಖ ಮಾಡಿಕೊಂಡು ಮಲಗಿದ್ದ, ಪ್ರತಿ ಸದ್ದಿಗೂ ಅವನ ಬೆನ್ನು ಬೆಚ್ಚುತ್ತಿತ್ತು.

ಮುಂದಿನ ಚುನಾವಣೆ ಹತ್ತಿರ ಬಂದ ಹಾಗೆ ಗಾಳಿ ಮತ್ತೆ ತಿರುಗಿತು. ಸಾಹೇಬರು ಮೊದಲಿನ ಪಕ್ಷಕ್ಕೇ ವಾಪಸು ಬಂದರು. ಮನೆಗೆ ಮರಳಿದ ಮಗ ಎಂದು ಅವರಿಗೆ ಸೇಬಿನ ಹಾರ ಹಾಕಿ ಮೆರವಣಿಗೆ ಮಾಡಿದರು. ಹಾರವನ್ನು ಎತ್ತಿದ್ದು ಕ್ರೇನಿನಲ್ಲಿ. ಈ ಸಲ ಚಿಕ್ಕಪ್ಪನ ಮಗ ಅವರ ಹಿಂದೆ ಹೋಗಲಿಲ್ಲ. ಹೋಗಬಾರದೆಂದಲ್ಲ, ಅವರೇ ಕರೆದುಕೊಳ್ಳಲಿಲ್ಲ. ಅವನ ಪಕ್ಷದವರು ಅವನನ್ನು ಸಾಹೇಬರ ಮನುಷ್ಯನೆಂದು ದೂರ ಇಟ್ಟರು, ಸಾಹೇಬರು ಅವನನ್ನು ಆ ಪಕ್ಷದ ಮನುಷ್ಯನೆಂದು ದೂರ ಇಟ್ಟರು. ಸರ್ಕಾರ ಬದಲಾಯಿತು. ಹೊಸ ಅಧಿವೇಶನದ ಮೊದಲ ದಿನ ಸಾಹೇಬರು ಬಲಗಡೆಯ ಸಾಲಿನಲ್ಲಿ, ಈ ಸಲ ಸ್ವಲ್ಪ ಮುಂದಕ್ಕೆ, ಕೂತಿದ್ದರು. ಮೂರು ಸಲ ಗೆದ್ದು, ಎರಡು ಪಕ್ಷ ನೋಡಿ, ಒಂದು ದಿನವೂ ಎಡಗಡೆ ಕೂರದ ಸದಸ್ಯರು ಅವರು. ಪ್ರಮಾಣ ಸ್ವೀಕರಿಸಿ ಇಳಿಯುವಾಗ ಮೇಜಿನ ಹತ್ತಿರ ಒಂದು ಕ್ಷಣ ನಿಂತು ನನ್ನನ್ನು ಗುರುತು ಹಿಡಿದರು.

"ಚೆನ್ನಾಗಿದೀರಾಮ್ಮ? ಅಣ್ಣ ಹೇಗಿದಾನೆ?"

"ಇದಾನೆ ಸರ್" ಅಂದೆ.

"ಒಂದ್ಸಲ ಬರ್ತೀನಿ ಅಂತ ಹೇಳಿ."

ಬರಲಿಲ್ಲ. ಬರುತ್ತಾರೆಂದು ನಾವು ಯಾರೂ ಕಾದಿರಲೂ ಇಲ್ಲ.

ಹೋದ ವರ್ಷ ಚಿಕ್ಕಪ್ಪ ತೀರಿಕೊಂಡರು. ಎಷ್ಟೇ ಮುನಿಸಿದ್ದರೂ ದಾಯಾದಿಗಳಿಗೆ ಸೂತಕ ಒಂದೇ. ಮನೆತನಕ್ಕೆ ಹಿರಿಯ ಮಗ ಅಣ್ಣ. ಅವನು ಹೋಗದೆ ಹೆಣ ಎತ್ತುವ ಹಾಗಿಲ್ಲ. ಅಣ್ಣ ಹೋದ, ಹೆಗಲು ಕೊಟ್ಟ, ವಾಪಸು ಬಂದ. ತಿಥಿ ಮುಗಿದ ಮಾರನೆಯ ದಿನ ಮಧ್ಯಾಹ್ನ ಚಿಕ್ಕಪ್ಪನ ಮಗ ಬೋಳು ತಲೆಯಲ್ಲಿ ನಮ್ಮ ಜಗುಲಿಗೆ ಬಂದು, ಕುರ್ಚಿ ಇದ್ದರೂ ಮೆಟ್ಟಿಲ ಮೇಲೆ ಕೂತ. ಅಣ್ಣ ಜಗುಲಿಯ ಮೇಲಿದ್ದ, ನಾನೂ ಅಲ್ಲೇ ಸೊಪ್ಪು ಬಿಡಿಸುತ್ತಿದ್ದೆ.

"ಅಣ್ಣ, ನಾನೇ ಒಡುದಿದ್ದು ಅವತ್ತು" ಅಂದ.

"ಗೊತ್ತು" ಅಂದ ಅಣ್ಣ.

"ಯಾರ್ಗೋಸ್ಕರ ಒಡ್ದೆ ಅಂತ ಈಗ ಯೋಚ್ನೆ ಮಾಡುದ್ರೆ ನಂಗೆ ತಿಳೀತಾ ಇಲ್ಲ. ಆ ಎಮ್ಮೆಲ್ಲೆ ವಯ್ಯ ಆ ಕಡೆ ಅವ್ನೆ, ನಮ್ ಪಕ್ಸದೋರು ಈ ಕಡೆ ಅವ್ರೆ. ನನ್ನ ಯಾರೂ ಒಂದ್ ಮಾತೂ ಕೇಳಲ್ಲ."

ಅಣ್ಣ ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸಿದ. ಹಾಕಿಕೊಳ್ಳಲಿಲ್ಲ, ಕೈಯಲ್ಲೇ ಇಟ್ಟುಕೊಂಡ. ಚಿಕ್ಕಪ್ಪನ ಮಗ ತಲೆ ಎತ್ತಿ ಆ ಕಡೆಯ ಕಣ್ಣನ್ನು ನೋಡಿ ಮತ್ತೆ ತಗ್ಗಿಸಿದ.

"ಕೋರ್ಟ್‌ನಾಗೆ ಯೋಳ್ಬೇಕಿತ್ತು ನೀನು. ಅಲ್ಲಿ ಯೋಳಿದ್ರೆ ನಾನು ರಾಜಿ ಮಾಡ್ಕತಿದ್ದೆ. ಅವತ್ತೇ ಬುಟ್ಬುಡ್ತಿದ್ದೆ ನಿನ್ನ. ಈಗ ಇಲ್ಲಿ ಕುಂತು ಯೋಳಿ ಏನ್ ಮಾಡ್ಲಿ ನಾನು?" ಅಂದ ಅಣ್ಣ.

ಅತ್ತಿಗೆ ಒಳಗಿನಿಂದ ಬಂದು ಒಂದು ಲೋಟ ನೀರು ಚಿಕ್ಕಪ್ಪನ ಮಗನ ಪಕ್ಕದಲ್ಲಿ ಇಟ್ಟಳು. ಸಾವಿನ ಮನೆಯವನಿಗೆ ಕೊಡುವ ನೀರು ಅದು, ಬೇರೇನೂ ಅಲ್ಲ. ಅವನು ಕುಡಿದು, ಲೋಟವನ್ನು ತೊಳೆದು ಬೋರಲು ಹಾಕಿ, ಹೋಗುತ್ತೇನೆ ಎಂದೂ ಹೇಳದೆ ಹೋದ.

ಅಲ್ಲಿಂದಾಚೆ ಅವರಿಬ್ಬರ ನಡುವೆ ಮಾತಿಲ್ಲ, ಜಗಳವೂ ಇಲ್ಲ. ಅಣ್ಣ ಸೆಂಟ್ರಿಂಗ್ ಸಾಮಾನನ್ನೆಲ್ಲ ಗುಜರಿಗೆ ಹಾಕಿ ಅಂಗಡಿಯ ಜಾಗವನ್ನು ಬಾಡಿಗೆಗೆ ಕೊಟ್ಟಿದ್ದಾನೆ. ಈಗ ಅಲ್ಲಿ ಪಾನಿಪೂರಿ ಮಾರುತ್ತಾರೆ. ಉಳಿದ ಕಣ್ಣಿಗೆ ಪೊರೆ ಬರುತ್ತಿದೆ, ಆಪರೇಷನ್ ಮಾಡಿಸೋಣ ಅಂದರೆ ಇರೋದೊಂದು, ಅದನ್ನೂ ಯಾಕೆ ಕೆಣಕಬೇಕು ಎಂದು ಮುಂದೂಡುತ್ತಿದ್ದಾನೆ. ನಾನು ಬರುವ ಚೈತ್ರಕ್ಕೆ ನಿವೃತ್ತಳಾಗುತ್ತೇನೆ. ಅಷ್ಟರೊಳಗೆ ಇನ್ನೊಂದು ಅಧಿವೇಶನ ಇದೆ. ಸರ್ಕಾರದೊಳಗೆ ಮತ್ತೆ ಅಸಮಾಧಾನವಂತೆ, ಯಾರುಯಾರೋ ಎಲ್ಲೆಲ್ಲೋ ಊಟಕ್ಕೆ ಸೇರುತ್ತಿದ್ದಾರಂತೆ. ಕಳೆದ ವಾರ ಊರಿಗೆ ಹೋಗಿದ್ದಾಗ ಅಂಗಡಿಯ ಮುಂದೆ ಪಾನಿಪೂರಿ ತಿನ್ನುತ್ತಿದ್ದವರು ಅದನ್ನೇ ಮಾತಾಡುತ್ತಿದ್ದರು. ಅಣ್ಣ ಅವರನ್ನು ದಾಟಿಕೊಂಡು, ಗೋಡೆಗೆ ಕೈ ಸವರಿಕೊಂಡು, ಹಾಲು ತರಲು ಹೋದ.